ಡಬ್ಬಿ ಮೇಲೆ ‘ಇಲಿಗಳಲ್ಲಿ ಪರೀಕ್ಷಿಸಿದೆ, ಸುರಕ್ಷಿತ’ ಅಂತಿದೆ. ಅಪ್ಪನಿಗೆ ಕೊಡಬಹುದಾ?

ಕೊರಟಗೆರೆ ಮಗಳು

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 64 ವರ್ಷ. ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಮಾತ್ರೆಯೂ ಇದೆ. ನಮ್ಮ ಹಿತ್ತಲಿನ ಬೇವಿನ ಮರಕ್ಕೆ ಅಮೃತಬಳ್ಳಿ ಹಬ್ಬಿದೆ. ಕೊರೋನಾ ಕಾಲದಿಂದ ಅದರ ಒಂದು ಗೇಣು ಕಾಂಡ ಜಜ್ಜಿ, ವಾರಕ್ಕೆ ಒಂದೋ ಎರಡೋ ಸಲ ಕಷಾಯ ಮಾಡಿ ಕುಡಿಯುತ್ತಾರೆ. ಅದಕ್ಕೆ ಮನೆಯಲ್ಲಿ ಯಾರೂ ಬೇಡ ಅಂದಿಲ್ಲ.

ಹೋದ ತಿಂಗಳು ನೆಂಟರೊಬ್ಬರು ಅಮೃತಬಳ್ಳಿ ‘ಎಕ್ಸ್‌ಟ್ರ್ಯಾಕ್ಟ್’ (ಗಟ್ಟಿ ಸಾರದ) ಕ್ಯಾಪ್ಸೂಲ್ ಡಬ್ಬಿ ತಂದುಕೊಟ್ಟರು. ಒಂದೊಂದು 500 ಮಿ.ಗ್ರಾಂ. ದಿನಕ್ಕೆ ಎರಡರಂತೆ ಮೂರು ತಿಂಗಳು ಬಿಡದೆ ತಗೊಳ್ಳಬೇಕಂತೆ. ಡಬ್ಬಿಯೊಳಗೆ ಒಂದು ಚೀಟಿ ಇದೆ. ಅದರಲ್ಲಿ ‘ಪ್ರಯೋಗಾಲಯದ ಇಲಿಗಳಲ್ಲಿ ಪ್ರತಿ ಕೆ.ಜಿ. ತೂಕಕ್ಕೆ 2000 ಮಿ.ಗ್ರಾಂ.ವರೆಗೆ ಸುರಕ್ಷಿತ’ ಅಂತ ಬರೆದಿದ್ದಾರೆ. ಅಪ್ಪ ಅದನ್ನು ಓದಿ, “ಅಷ್ಟು ಪುಟ್ಟ ಇಲಿಗೇ ಏನೂ ಆಗಿಲ್ಲ, ನಂಗೇನಾಗುತ್ತೆ ಬಿಡು” ಅಂತ ಶುರು ಮಾಡಿದ್ದಾರೆ. ಇವತ್ತಿಗೆ ಇಪ್ಪತ್ತು ದಿನ. ಎರಡು ದಿನದಿಂದ ಮುದ್ದೆ ಮುಂದಿಟ್ಟರೆ ಅರ್ಧಕ್ಕೇ ಏಳುತ್ತಿದ್ದಾರೆ. ಊಟ ಸೇರುತ್ತಿಲ್ಲ ಅಂತಾರೆ.

ಈ ಇಲಿ ಪರೀಕ್ಷೆ ಅಂದರೆ ನಿಜವಾಗಿ ಏನು ಮಾಡಿರುತ್ತಾರೆ? ಇಲಿ ಬದುಕಿದ್ದರೆ ಮನುಷ್ಯ ತಿನ್ನಬಹುದು ಅಂತ ಅರ್ಥವಾ? ಗೊತ್ತಿದ್ದವರು ಬಿಡಿಸಿ ಹೇಳಿ.

ತಾಲ್ಲೂಕು ಡಾಕ್ಟರ್

ಅಮ್ಮಾ, ಚರ್ಚೆ ಆಮೇಲೆ. ಮೊದಲು ಕ್ಯಾಪ್ಸೂಲ್ ನಿಲ್ಲಿಸಿ. ನಾಳೆ ಬೆಳಗ್ಗೆಯೇ ಅಪ್ಪನನ್ನು ಕರೆದುಕೊಂಡು ಹೋಗಿ ಲಿವರ್ ಪರೀಕ್ಷೆಗೆ ರಕ್ತ ಕೊಡಿಸಿ. ಎಲ್‌ಎಫ್‌ಟಿ ಅಂದರೆ ಯಾವ ಲ್ಯಾಬ್‌ನಲ್ಲೂ ಗೊತ್ತಾಗುತ್ತೆ. ಮೂತ್ರ ಗಾಢ ಹಳದಿ ಆಗಿದೆಯಾ, ಮೈ ತುರಿಕೆ ಇದೆಯಾ, ಕಣ್ಣಿನ ಬಿಳಿ ಭಾಗ ಹಳದಿ ಕಾಣುತ್ತಿದೆಯಾ, ಹಗಲು ಬೆಳಕಿನಲ್ಲಿ ನೋಡಿ. ಡಬ್ಬಿ, ಚೀಟಿ ಎರಡನ್ನೂ ಎಸೆಯಬೇಡಿ. ಡಾಕ್ಟರಿಗೆ ತೋರಿಸಿ.

ಇನ್ನೊಂದು ಮಾತು. ಗ್ಲಿಮೆಪಿರೈಡ್ ಸಕ್ಕರೆ ಇಳಿಸುವ ಮಾತ್ರೆ. ಅಮೃತಬಳ್ಳಿಗೂ ಸಕ್ಕರೆ ಇಳಿಸುವ ಗುಣ ಇದೆ. ಊಟ ಕಮ್ಮಿಯಾಗಿ ಇವೆರಡೂ ಹೊಟ್ಟೆಯಲ್ಲಿದ್ದರೆ ಸಕ್ಕರೆ ದಿಢೀರ್ ಅಂತ ಇಳಿಯಬಹುದು. ಬೆವರು, ಕೈ ನಡುಕ, ಕಣ್ಣು ಮಂಜಾದರೆ ತಕ್ಷಣ ಮೂರು-ನಾಲ್ಕು ಸಣ್ಣ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ. ಆಮೇಲೆ ಆಸ್ಪತ್ರೆಗೆ ಬನ್ನಿ.

ಶ್ರೀನಿವಾಸಪುರ ಮಾವು

ಡಾಕ್ಟರ್ ಹೇಳಿದ್ದು ಸರಿ, ತೋರಿಸಿ. ಆದರೆ ಒಂದು ಮಾತು ಕೇಳಲೇಬೇಕು. ನಮ್ಮಜ್ಜಿ ಕಾಮಾಲೆಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡುತ್ತಿದ್ದರು. ಸುತ್ತ ಏಳೆಂಟು ಹಳ್ಳಿಯಿಂದ ಜನ ಬರುತ್ತಿದ್ದರು. ಅವರು ಯಾವ ಇಲಿಯ ಮೇಲೆ ಪರೀಕ್ಷೆ ಮಾಡಿದ್ದರು? ತಲೆತಲಾಂತರದಿಂದ ಜನ ತಿಂದು ಬದುಕಿರುವ ಗಿಡಕ್ಕೆ ಇಲಿಯ ಸರ್ಟಿಫಿಕೇಟ್ ಯಾಕೆ ಬೇಕು? ಹಿತ್ತಲ ಗಿಡ ಮದ್ದಲ್ಲ ಅನ್ನೋದು ಇದಕ್ಕೇ ಅಲ್ವಾ?

ಕೋಲಾರದ ಫಾರ್ಮಸಿ ಮೇಷ್ಟ್ರು

ಅಜ್ಜಿಯ ಮಾತಿಗೆ ಆಮೇಲೆ ಬರುತ್ತೇನೆ. ಅದು ಒಳ್ಳೆಯ ಪ್ರಶ್ನೆ, ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಮೊದಲು ತಂಗಿ ಕೇಳಿದ್ದಕ್ಕೆ ಹೇಳುತ್ತೇನೆ. ಈ ಪರೀಕ್ಷೆಯನ್ನು ನಾನೇ ಮಾಡಿದ್ದೇನೆ, ಮಕ್ಕಳಿಗೂ ಕಲಿಸಿದ್ದೇನೆ.

ಆ 2000 ಅನ್ನೋ ಸಂಖ್ಯೆ ನೋಡಿದರೇ ಯಾವ ಪರೀಕ್ಷೆ ಅಂತ ಊಹಿಸಬಹುದು. ಒಇಸಿಡಿ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ ರಾಸಾಯನಿಕಗಳ ಪರೀಕ್ಷೆಗೆ ಕ್ರಮ ಬರೆದಿಟ್ಟಿದೆ. ಅದರಲ್ಲಿ 423ನೇ ಕ್ರಮ ‘ಅಕ್ಯೂಟ್’ ಪರೀಕ್ಷೆ. ಒಂದೇ ಸಲ ಕೊಟ್ಟು ಪ್ರಾಣಿ ಸಾಯುತ್ತಾ, ಉಳಿಯುತ್ತಾ ನೋಡುವುದು. ಪ್ರಮಾಣದ ಮೆಟ್ಟಿಲು ನಾಲ್ಕು: ಕೆ.ಜಿ.ಗೆ 5, 50, 300, 2000 ಮಿ.ಗ್ರಾಂ. ವಿಷ ಇರಲಾರದು ಅಂತ ನಂಬಿಕೆ ಇದ್ದರೆ ನೇರವಾಗಿ 2000ದಿಂದಲೇ ಶುರು.

ಹಿಂದಿನ ರಾತ್ರಿ ಇಲಿಗಳಿಗೆ ಆಹಾರ ತೆಗೆದಿಡುತ್ತೇವೆ. ನೀರು ಮಾತ್ರ ಇರುತ್ತೆ. ಬೆಳಗ್ಗೆ ಒಂದೊಂದನ್ನೂ ತೂಗಬೇಕು. ಸಾಮಾನ್ಯವಾಗಿ ಬಳಸುವುದು ವಿಸ್ಟಾರ್ ತಳಿಯ ಬಿಳಿ ಇಲಿ, ಹೆಣ್ಣು, ಎಂಟರಿಂದ ಹನ್ನೆರಡು ವಾರದ್ದು. 150 ಗ್ರಾಂ ತೂಗಿದರೆ ಅದಕ್ಕೆ 300 ಮಿ.ಗ್ರಾಂ. ಎಕ್ಸ್‌ಟ್ರ್ಯಾಕ್ಟ್ ಬೇಕು. ಅದನ್ನು ಒಂದೂವರೆ ಎಂ.ಎಲ್. ದ್ರಾವಣದಲ್ಲಿ ಕದಡಿದರೆ ರಾಗಿ ಅಂಬಲಿಯ ಹಾಗೆ ಮಂದ ಆಗುತ್ತೆ. ಎಡಗೈಯಲ್ಲಿ ಇಲಿಯ ಹೆಗಲ ಚರ್ಮ ಹಿಡಿದು ತಲೆ ನೆಟ್ಟಗೆ ಮಾಡಿ, ತುದಿಯಲ್ಲಿ ಗುಂಡು ಇರುವ ಬಾಗಿದ ಸೂಜಿಯನ್ನು ಬಾಯಿಯ ಪಕ್ಕದಿಂದ ಗಂಟಲಿಗೆ ಇಳಿಸಬೇಕು. ಸ್ವಲ್ಪ ತಪ್ಪಿದರೆ ಶ್ವಾಸಕೋಶಕ್ಕೆ ಹೋಗುತ್ತೆ. ಆಗ ಸಾವಿಗೆ ಕಾರಣ ಗಿಡ ಅಲ್ಲ, ನಮ್ಮ ಕೈ.

ಕೊಟ್ಟ ಮೊದಲ ಅರ್ಧ ಗಂಟೆ ಕಣ್ಣು ಕದಲಿಸುವಂತಿಲ್ಲ. ನಾಲ್ಕು ಗಂಟೆ ಹತ್ತಿರದಿಂದ ನೋಡಬೇಕು. ಆಮೇಲೆ ದಿನಾ ಒಂದು ಸಲ, ಒಟ್ಟು 14 ದಿನ. ರೋಮ ನಿಗುರಿದೆಯಾ, ಮೈ ನಡುಗುತ್ತಿದೆಯಾ, ಜೊಲ್ಲು, ಭೇದಿ, ತೂಕಡಿಕೆ ಇದೆಯಾ, ಇವೆಲ್ಲ ಬರೆದಿಡಬೇಕು. ತೂಕ ನೋಡಬೇಕು. ಕೊನೆಗೆ ಕೊಯ್ದು ಒಳಗಿನ ಅಂಗ ಕಣ್ಣಿಗೆ ಹೇಗೆ ಕಾಣುತ್ತೆ ಅಂತ ನೋಡುತ್ತಾರೆ.

ಈಗ ಮುಖ್ಯ ವಿಷಯ. ಈ ಪರೀಕ್ಷೆಯಲ್ಲಿ ಮೊದಲು ಮೂರು ಇಲಿ. ಅವು ಉಳಿದರೆ ಇನ್ನು ಮೂರು. ಆರೂ ಉಳಿದರೆ ಪರೀಕ್ಷೆ ಮುಗಿಯಿತು. ಲಿವರಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎಸ್‌ಜಿಪಿಟಿ ಎಷ್ಟಾಯಿತು, ಲಿವರಿನ ಜೀವಕೋಶ ಸೂಕ್ಷ್ಮದರ್ಶಕದಲ್ಲಿ ಹೇಗಿದೆ ಅನ್ನುವುದು ಇದರಲ್ಲಿ ಕಡ್ಡಾಯ ಅಲ್ಲ. ಚೀಟಿಯಲ್ಲಿ ‘ಸುರಕ್ಷಿತ’ ಅಂತ ಬರೆದಿರುವುದರ ಹಿಂದೆ ಇಷ್ಟೇ ಇರಬಹುದು: ಆರು ಎಳೆಯ, ಆರೋಗ್ಯವಂತ ಹೆಣ್ಣು ಇಲಿಗಳು ಒಂದು ಸಲ ತಿಂದು ಎರಡು ವಾರ ಬದುಕಿದ್ದವು. ನಿಮ್ಮಪ್ಪ 90 ದಿನ ತಿನ್ನಬೇಕು. ಆ ಪರೀಕ್ಷೆಗೆ ಈ ಪ್ರಶ್ನೆಯನ್ನು ಯಾರೂ ಕೇಳಿಯೇ ಇಲ್ಲ.

ಸಿರಾ ರೋಡ್

ಆರೇ ಇಲಿನಾ ಸರ್? ನಾನು ನೂರಾರು ಅಂದುಕೊಂಡಿದ್ದೆ. ಆದರೂ ಒಂದು ಲೆಕ್ಕ ಹೇಳಿ. 2000 ಅಂದರೆ ನಮಗೆ ಎಷ್ಟಾಗುತ್ತೆ? 60 ಕೆ.ಜಿ. ಮನುಷ್ಯನಿಗೆ 120 ಗ್ರಾಂ ಅಲ್ವಾ? ದಿನಕ್ಕೆ ಒಂದು ಗ್ರಾಂ ತಗೊಂಡರೆ ಏನು ಭಯ?

ಕೋಲಾರದ ಫಾರ್ಮಸಿ ಮೇಷ್ಟ್ರು

ಹಾಗೆ ನೇರವಾಗಿ ಗುಣಿಸುವಂತಿಲ್ಲ ಸರ್. ಪುಟ್ಟ ಪ್ರಾಣಿಯ ಮೈ ಬೇಗ ಉರಿಯುತ್ತೆ, ಔಷಧಿಯನ್ನೂ ಬೇಗ ಕರಗಿಸಿ ಹೊರಹಾಕುತ್ತೆ. ಮೈಯ ಮೇಲ್ಮೈ ಲೆಕ್ಕ ಹಿಡಿದು ಇಲಿಯ ಪ್ರಮಾಣವನ್ನು 6.2ರಿಂದ ಭಾಗಿಸುತ್ತಾರೆ. ಸುಂಡಿಲಿ ಆದರೆ 12.3ರಿಂದ. 2000ವನ್ನು 6.2ರಿಂದ ಭಾಗಿಸಿದರೆ ಸುಮಾರು 322. ಅದನ್ನು 60ರಿಂದ ಗುಣಿಸಿದರೆ 19 ಗ್ರಾಂ ಚಿಲ್ಲರೆ. 120 ಅಂದುಕೊಂಡಿದ್ದು 19ಕ್ಕೆ ಇಳಿಯಿತು. ಅದೂ ಸಾವಿನ ಲೆಕ್ಕ. ಲಿವರ್ ಊದಿಕೊಳ್ಳುವ ಲೆಕ್ಕ ಅಲ್ಲ.

ದಿನಾ ತಿನ್ನುವ ವಸ್ತುವಿಗೆ ಬೇರೆ ಪರೀಕ್ಷೆ ಇದೆ. 407ನೇ ಕ್ರಮದಲ್ಲಿ 28 ದಿನ, 408ರಲ್ಲಿ 90 ದಿನ. 90 ದಿನದ್ದಾದರೆ ಒಂದು ಗುಂಪಿಗೆ ಹತ್ತು ಗಂಡು, ಹತ್ತು ಹೆಣ್ಣು ಇಲಿ. ಮೂರು ಬೇರೆ ಬೇರೆ ಪ್ರಮಾಣದ ಗುಂಪು, ಏನೂ ಕೊಡದ ಗುಂಪು ಒಂದು. ಒಟ್ಟು 80. ರಕ್ತ ಪರೀಕ್ಷೆ, ಅಂಗಗಳ ತೂಕ, ಲಿವರ್-ಕಿಡ್ನಿಯ ತೆಳು ಪದರ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವುದು, ಎಲ್ಲವೂ ಕಡ್ಡಾಯ. ಇಲಿಯ ಆಯಸ್ಸು ಎರಡು-ಮೂರು ವರ್ಷ. ಅದಕ್ಕೆ 90 ದಿನ ಅಂದರೆ ಬದುಕಿನ ಹತ್ತರಲ್ಲೊಂದು ಪಾಲು.

ಅದರಲ್ಲಿ ಯಾವ ಪ್ರಮಾಣದವರೆಗೆ ಒಂದೂ ತೊಂದರೆ ಕಾಣಲಿಲ್ಲವೋ ಅದನ್ನು ಹಿಡಿದು, ಆಹಾರದ ವಿಷಯದಲ್ಲಿ ನೂರರಿಂದ ಭಾಗಿಸುವುದು ವಾಡಿಕೆ. ಇಲಿಗೂ ಮನುಷ್ಯನಿಗೂ ವ್ಯತ್ಯಾಸ ಅಂತ ಒಂದು ಹತ್ತು. ಮನುಷ್ಯ ಮನುಷ್ಯರಲ್ಲೇ ವ್ಯತ್ಯಾಸ ಅಂತ ಇನ್ನೊಂದು ಹತ್ತು. ಉದಾಹರಣೆಗೆ ಕೆ.ಜಿ.ಗೆ 500 ಮಿ.ಗ್ರಾಂ.ವರೆಗೆ ಇಲಿ ಚೆನ್ನಾಗಿತ್ತು ಅಂತ ಇಟ್ಟುಕೊಳ್ಳಿ. ನೂರರಿಂದ ಭಾಗಿಸಿದರೆ 5. ಅರವತ್ತು ಕೆ.ಜಿ.ಯವರಿಗೆ ದಿನಕ್ಕೆ 300 ಮಿ.ಗ್ರಾಂ. ಈ ಡಬ್ಬಿಯವರು ಕೊಡುತ್ತಿರುವುದು 1000. ಅದಕ್ಕೇ ತಂಗಿ, ಡಬ್ಬಿಯಲ್ಲಿರುವ ಫೋನ್ ನಂಬರಿಗೆ ಕರೆ ಮಾಡಿ ಮೂರು ಮಾತು ಕೇಳಿ. 90 ದಿನದ ಪರೀಕ್ಷೆ ಆಗಿದೆಯಾ? ಯಾವ ದ್ರಾವಕದಲ್ಲಿ, ಅಂದರೆ ನೀರಲ್ಲೋ ಆಲ್ಕೋಹಾಲ್‌ನಲ್ಲೋ ಬೇರೆಯದರಲ್ಲೋ, ಸಾರ ತೆಗೆದಿದ್ದೀರಿ? ಪರೀಕ್ಷೆ ಮಾಡಿದ್ದು ಇದೇ ಸಾರದ ಮೇಲಾ, ಬೇರೆಯವರು ಬೇರೆಲ್ಲೋ ಮಾಡಿದ್ದನ್ನು ಇಲ್ಲಿ ಅಚ್ಚು ಹಾಕಿದ್ದೀರಾ?

ಈಗ ಅಜ್ಜಿಯ ಮಾತು. ಮಾವಿನ ಸರ್, ನಿಮ್ಮಜ್ಜಿ ಎಷ್ಟು ದಿನ ಕೊಡುತ್ತಿದ್ದರು?

ಶ್ರೀನಿವಾಸಪುರ ಮಾವು

ಮೂರು ದಿನ. ಬೆಳಗ್ಗೆ ಮಾತ್ರ. ಒಂದು ಹಿಡಿ ಗಿಡ, ಬೇರು ಸಮೇತ. ಆ ಮೂರು ದಿನ ಎಣ್ಣೆ, ಉಪ್ಪು ಇಲ್ಲ. ಗಿಡ ಬೇರೆ ಯಾರಿಗೂ ಕೀಳಲು ಬಿಡುತ್ತಿರಲಿಲ್ಲ, ಅವರೇ ಹೋಗಿ ಕಿತ್ತು ತರುತ್ತಿದ್ದರು.

ಕೋಲಾರದ ಫಾರ್ಮಸಿ ಮೇಷ್ಟ್ರು

ನೋಡಿ, ನಿಮ್ಮಜ್ಜಿಯ ಹತ್ತಿರ ಎಲ್ಲ ಉತ್ತರವೂ ಇತ್ತು. ಯಾವ ಗಿಡ? ಅವರೇ ಕಿತ್ತಿದ್ದು. ಎಷ್ಟು? ಒಂದು ಹಿಡಿ. ಯಾವುದರಲ್ಲಿ? ಮಜ್ಜಿಗೆಯಲ್ಲಿ. ಎಷ್ಟು ದಿನ? ಮೂರು. ಅವರ ಅನುಭವ ದೊಡ್ಡದು, ನಾನು ಕೈ ಮುಗಿಯುತ್ತೇನೆ. ಆದರೆ ಆ ಅನುಭವ ಅಷ್ಟಕ್ಕೇ ಸಾಕ್ಷಿ. ಮಜ್ಜಿಗೆಯಲ್ಲಿ ಮೂರು ದಿನ ಕೊಟ್ಟಿದ್ದಕ್ಕೆ ಸಾಕ್ಷಿ. ಅದೇ ಗಿಡವನ್ನು ಮೆಥನಾಲ್ ಅನ್ನುವ ಆಲ್ಕೋಹಾಲ್‌ನಲ್ಲಿ ನೆನೆಸಿ, ಆವಿ ಮಾಡಿ, ಗಟ್ಟಿ ಸಾರ ತೆಗೆದು ಮೂರು ತಿಂಗಳು ತಿಂದರೆ ಏನಾಗುತ್ತೆ ಅಂತ ಅಜ್ಜಿ ನೋಡಿಲ್ಲ.

ಲೆಕ್ಕ ಸುಲಭ. ಹಸಿ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರು. ಒಣಗಿಸಿದ ಹತ್ತು ಗ್ರಾಂ ಪುಡಿಯಿಂದ ಒಂದು ಗ್ರಾಂ ಸಾರ ಬಂತು ಅಂದುಕೊಳ್ಳಿ. ಆ ಒಂದು ಗ್ರಾಂ ಹಿಂದೆ ಐವತ್ತು ಗ್ರಾಂ ಹಸಿ ಸೊಪ್ಪು ಇರುತ್ತೆ. ಅಷ್ಟೇ ಅಲ್ಲ. ನೀರಿಗೆ ಬಾರದ ಕೆಲವು ಅಂಶ ಆಲ್ಕೋಹಾಲ್, ಹೆಕ್ಸೇನ್‌ನಂಥ ದ್ರಾವಕಕ್ಕೆ ಬರುತ್ತವೆ. ಕಷಾಯದಲ್ಲಿ ಗಷ್ಟದ ಜೊತೆ ಹೊರಗೆ ಹೋಗುತ್ತಿದ್ದದ್ದು ಈಗ ಕ್ಯಾಪ್ಸೂಲ್ ಒಳಗೆ ಕೂರುತ್ತೆ. ನಮ್ಮ ಕಾನೂನೂ ಈ ವ್ಯತ್ಯಾಸ ಒಪ್ಪಿದೆ. ಆಯುರ್ವೇದ ಔಷಧಿಗೆ ಲೈಸೆನ್ಸ್ ಕೊಡುವ 158ಬಿ ನಿಯಮ 2010ರಲ್ಲಿ ಬಂತು. ಶಾಸ್ತ್ರಗ್ರಂಥದಲ್ಲಿ ಹೇಳಿದ ರೀತಿಯಲ್ಲೇ ಮಾಡಿದ ಮದ್ದಿಗೆ ಸುರಕ್ಷತೆಯ ಪರೀಕ್ಷೆ ಕೇಳುವುದಿಲ್ಲ. ನೀರು, ನೀರು-ಆಲ್ಕೋಹಾಲ್ ಬಿಟ್ಟು ಬೇರೆ ದ್ರಾವಕದ ಸಾರ ಅಂದರೆ ಪರೀಕ್ಷೆ ಬೇಕು.

ಹೊಲದ ಬದು, ಚಿಂತಾಮಣಿ

ಲೋಳೆಸರದ ಬಗ್ಗೆ ಹೇಳಬೇಕು ಅನ್ನಿಸಿತು. ಎರಡು ಎಕರೆಯಲ್ಲಿ ಹಾಕಿದ್ದೆ, ಜ್ಯೂಸ್ ಮಾಡುವವರಿಗೆ ಕೊಡೋಣ ಅಂತ. ಆಗ ಓದಿಕೊಂಡಿದ್ದು ಇದು. ಅಮೆರಿಕದ ಸರ್ಕಾರದ ಒಂದು ವಿಷಶಾಸ್ತ್ರ ಕಾರ್ಯಕ್ರಮದವರು ಇಡೀ ಎಲೆಯ ಸಾರವನ್ನು ಎರಡು ವರ್ಷ ಕುಡಿಯುವ ನೀರಿನಲ್ಲಿ ಕೊಟ್ಟು ನೋಡಿದರು. ಇಲಿಗಳ ದೊಡ್ಡ ಕರುಳಿನಲ್ಲಿ ಗಡ್ಡೆ ಬಂದವು. ಅದೇ ಸಾರ ಕುಡಿದ ಸುಂಡಿಲಿಗಳಲ್ಲಿ ಬರಲಿಲ್ಲ. ವರದಿ 2013ರಲ್ಲಿ ಬಂತು. ಆಮೇಲೆ ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಇಡೀ ಎಲೆಯ ಸಾರವನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇರುವ’ ಪಟ್ಟಿಗೆ ಸೇರಿಸಿತು. ಒಳಗಿನ ಬರೀ ಲೋಳೆಗೆ ಆ ಮಾತಿಲ್ಲ. ತೊಂದರೆ ಇರುವುದು ಸಿಪ್ಪೆಯ ಒಳಗಿನ ಹಳದಿ ರಸದಲ್ಲಿ.

ನಾವು ಮನೆಗೆ ಕೊಯ್ದರೆ ಎಲೆಯ ಬುಡ ಕತ್ತರಿಸಿ, ಒಂದು ಲೋಟದಲ್ಲಿ ನೆಟ್ಟಗೆ ನಿಲ್ಲಿಸುತ್ತೇವೆ. ಹಳದಿ ರಸ ಇಳಿದು ಲೋಟದ ತಳದಲ್ಲಿ ನಿಲ್ಲುತ್ತೆ, ನಾಲಿಗೆಗೆ ತಾಗಿದರೆ ಕಹಿ ಬಿಡುವುದಿಲ್ಲ. ಆಮೇಲೆ ಸಿಪ್ಪೆ ತೆಗೆದು, ಒಳಗಿನದ್ದನ್ನು ಎರಡು-ಮೂರು ನೀರಿನಲ್ಲಿ ತೊಳೆದು ಬಳಸುತ್ತೇವೆ. ನಮ್ಮಮ್ಮ ಮುಂಚೆಯಿಂದಲೂ ಹೀಗೇ ಮಾಡುತ್ತಿದ್ದಳು. ಇಲಿ ಪರೀಕ್ಷೆ ಹೇಳಿದ್ದೂ ಅದನ್ನೇ. ಮಷೀನಿಗೆ ಇಡೀ ಎಲೆ ಹಾಕಿದರೆ ಅಮ್ಮ ಚೆಲ್ಲುತ್ತಿದ್ದದ್ದು ಬಾಟಲಿಗೆ ಬರುತ್ತೆ. ನಾನು ಕೊಡುವಾಗ ಕೇಳಿದೆ, ಅವರು ಹಳದಿ ರಸ ತೆಗೆಯುತ್ತೇವೆ ಅಂದರು. ಆಮೇಲೇ ಕೊಟ್ಟೆ.

ತುಮಕೂರು ಬೆಳಗು

ಸೋರೆಕಾಯಿ ರಸವನ್ನೂ ಸೇರಿಸಿ. ಇಲ್ಲಿ ವಾಕಿಂಗ್ ಮಾಡುವ ಕಡೆ ದಿನಾ ಬೆಳಗ್ಗೆ ಮಾರುತ್ತಾರೆ. ಕಹಿ ಇದ್ದರೆ ಕುಡಿಯಲೇಬಾರದು. ಕಹಿ ಸೋರೆ ರಸ ಕುಡಿದು ಜನ ರಕ್ತವಾಂತಿ ಮಾಡಿಕೊಂಡ, ಸತ್ತ ಪ್ರಕರಣಗಳು ಆದ ಮೇಲೆ ದೇಶದ ವೈದ್ಯಕೀಯ ಸಂಶೋಧನೆ ನೋಡಿಕೊಳ್ಳುವ ಐಸಿಎಂಆರ್ ಒಂದು ತಜ್ಞರ ಸಮಿತಿಯನ್ನೇ ಮಾಡಿತ್ತು. ಸೋರೆಕಾಯಿ ನಾವು ಸಾರಿಗೆ ಹಾಕುವ ತರಕಾರಿಯೇ. ಸಾರಿನಲ್ಲಿ ಕಹಿ ಬಂದರೆ ತಟ್ಟೆ ತಳ್ಳುತ್ತೇವೆ. ಮದ್ದು ಅಂದುಕೊಂಡರೆ ಮೂಗು ಮುಚ್ಚಿಕೊಂಡು ಕುಡಿಯುತ್ತೇವೆ.

ಮಧುಗಿರಿ ಎಂ.ಫಾರ್ಮ್

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ಸಲ ಅಳಿಸಿದೆ. ಬರೆಯುತ್ತೇನೆ.

ನನ್ನ ಎಂ.ಫಾರ್ಮ್ ಥೀಸಿಸ್ ನೆಲನೆಲ್ಲಿಯ ಮೇಲೆ. ಗೈಡ್ ಅವಸರ ಮಾಡುತ್ತಿದ್ದರು. ನಾನು ಗ್ರಂಥಿಗೆ ಅಂಗಡಿಯಿಂದ ಒಂದು ಕೆ.ಜಿ. ಒಣಗಿದ್ದು ತಂದೆ. ಎಲೆ ಎಲ್ಲ ಉದುರಿ ಪುಡಿಯಾಗಿತ್ತು, ಕಡ್ಡಿ ಜಾಸ್ತಿ. ಗಿಡ ಗುರುತಿಸಿದ ಸರ್ಟಿಫಿಕೇಟ್ ಬೇಕು ಅಂದಾಗ ಮನೆ ಹತ್ತಿರ ಬೆಳೆದಿದ್ದ ಒಂದು ನೆಲನೆಲ್ಲಿ ಕಿತ್ತು ಕೊಂಡೊಯ್ದು ತೋರಿಸಿ ಬರೆಸಿಕೊಂಡೆ. ಅಂದರೆ ಗುರುತಿಸಿದ್ದು ಒಂದು ಗಿಡ, ಸಾರ ತೆಗೆದಿದ್ದು ಅಂಗಡಿಯ ಮೂಟೆಯದ್ದು. ಎರಡೂ ಒಂದೇ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅಂಗಡಿಯ ನೆಲನೆಲ್ಲಿಯಲ್ಲಿ ಅದೇ ಕುಲದ ಬೇರೆ ಜಾತಿಗಳು ಬೆರೆತಿರುತ್ತವೆ ಅಂತ ಆಮೇಲೆ ಓದಿದೆ. ಬೆಂಗಳೂರಿನ ವಿಜ್ಞಾನಿಗಳು ಡಿಎನ್‌ಎ ತೆಗೆದು ನೋಡಿ 2010ರಲ್ಲೇ ಬರೆದಿದ್ದರು.

ಆರು ಇಲಿ. ಗುರುತಿಗೆ ಪಿಕ್ರಿಕ್ ಆಸಿಡ್‌ನಿಂದ ಹಳದಿ ಬಣ್ಣ ಹಚ್ಚುತ್ತಿದ್ದೆವು. ಒಂದಕ್ಕೆ ತಲೆ, ಒಂದಕ್ಕೆ ಬೆನ್ನು, ಒಂದಕ್ಕೆ ಬಾಲ. ಪಂಜರದಲ್ಲಿ ಭತ್ತದ ಹೊಟ್ಟು ಹಾಸಿರುತ್ತಿತ್ತು. ತಲೆಗೆ ಬಣ್ಣ ಹಚ್ಚಿದ್ದು ನಾನು ಬಾಗಿಲು ತೆಗೆದರೆ ಸಾಕು, ಎರಡು ಕಾಲಲ್ಲಿ ಎದ್ದು ಕಂಬಿ ಹಿಡಿದು ನಿಲ್ಲುತ್ತಿತ್ತು. ಹದಿನಾಲ್ಕನೇ ದಿನದವರೆಗೂ ಆರೂ ಚೆನ್ನಾಗಿದ್ದವು. ‘2000 ಮಿ.ಗ್ರಾಂ.ವರೆಗೆ ಸುರಕ್ಷಿತ’ ಅಂತ ನಾನೂ ಬರೆದೆ. ಆಮೇಲೆ ಆರನ್ನೂ ನಿಯಮದ ಪ್ರಕಾರ ಕೊಂದೆವು.

ಆ ವಾಕ್ಯವನ್ನು ನಂಬಿ ಯಾರಾದರೂ ಕ್ಯಾಪ್ಸೂಲ್ ಮಾಡಿದ್ದರೆ? ಯಾವ ಗಿಡ ಅಂತಲೇ ಖಾತ್ರಿ ಇಲ್ಲದ ಮೇಲೆ ಆ ಪ್ರಾಣಿಗಳ ಜೀವ ಯಾವ ಲೆಕ್ಕಕ್ಕೆ ಹೋಯಿತು? ಈಗ ಬೇರೆ ಕೆಲಸದಲ್ಲಿದ್ದೇನೆ. ಜೂನಿಯರ್‌ಗಳು ಕೇಳಿದಾಗೆಲ್ಲ ಒಂದೇ ಮಾತು ಹೇಳುತ್ತೇನೆ. ಸಾರ ತೆಗೆಯುವ ಗಿಡದಿಂದಲೇ ಒಂದು ರೆಂಬೆ ಒತ್ತಿ, ಒಣಗಿಸಿ, ಹಾಳೆಗೆ ಹಚ್ಚಿ ಇಡಿ. ಹೂವು ಅಥವಾ ಕಾಯಿ ಇರಬೇಕು. ಅದು ಆಗುವವರೆಗೆ ಪಂಜರದ ಬಾಗಿಲು ತೆಗೆಯಬೇಡಿ.

ಪಶುವೈದ್ಯ, ಗೌರಿಬಿದನೂರು

ತಂಗಿ, ನೀವು ಬರೆದಿದ್ದು ತುಂಬ ಜನ ಬರೆಯುವುದಿಲ್ಲ.

ನಾನು ಒಂದು ಸಂಸ್ಥೆಯ ಪ್ರಾಣಿ ನೀತಿ ಸಮಿತಿಯಲ್ಲಿ ಪಶುವೈದ್ಯನಾಗಿ ಕೂತಿದ್ದೇನೆ. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದ್ದು. ಅದರ ಕೆಳಗೆ ಪ್ರಯೋಗಗಳ ಮೇಲೆ ಕಣ್ಣಿಡುವ ನಿಯಮ 1998ರಲ್ಲಿ ಬಂತು. ಸಮಿತಿ ಒಪ್ಪದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಸಮಿತಿಯಲ್ಲಿ ವಿಜ್ಞಾನಿ ಅಲ್ಲದ ಒಬ್ಬರೂ ಇರಲೇಬೇಕು. ನಮ್ಮಲ್ಲಿ ಅವರು ನಿವೃತ್ತ ಮೇಡಂ ಒಬ್ಬರು. ಅವರು ಕೇಳುವ ಪ್ರಶ್ನೆಗೇ ಹುಡುಗರು ತಡವರಿಸುವುದು: “ಇದನ್ನು ಈಗಾಗಲೇ ಯಾರೂ ಮಾಡಿಲ್ವಾ?” ಅಮೃತಬಳ್ಳಿ, ಅಶ್ವಗಂಧ, ಬೇವು, ತುಳಸಿ, ಇವುಗಳ ಮೇಲೆ 2000 ಮಿ.ಗ್ರಾಂ. ಪರೀಕ್ಷೆ ಮಾಡಿದ ಲೇಖನಗಳು ಬೇಕಾದಷ್ಟಿವೆ. ಅದನ್ನೇ ಮತ್ತೆ ಮಾಡಲು ಇನ್ನು ಆರು ಇಲಿ ಕೇಳಿದರೆ ನಾನು ಸಹಿ ಹಾಕುವುದಿಲ್ಲ.

ಹಿಂದೆ ಇದಕ್ಕಿಂತ ಕಷ್ಟ ಇತ್ತು. 1927ರಲ್ಲಿ ಟ್ರೆವನ್ ಅನ್ನುವವರು ಅರ್ಧದಷ್ಟು ಪ್ರಾಣಿ ಸಾಯುವ ಪ್ರಮಾಣ ಕಂಡುಹಿಡಿಯುವ ಪರೀಕ್ಷೆ ತಂದರು. ಒಂದೊಂದು ಔಷಧಿಗೂ ಹತ್ತಾರು ಪ್ರಾಣಿ ಸಾಯುತ್ತಿದ್ದವು. 1959ರಲ್ಲಿ ರಸೆಲ್ ಮತ್ತು ಬರ್ಚ್ ಮೂರು ಮಾತು ಹೇಳಿದರು. ಪ್ರಾಣಿ ಬಿಟ್ಟು ಆಗುತ್ತಾ ನೋಡಿ, ಆಗದಿದ್ದರೆ ಕಡಿಮೆ ಬಳಸಿ, ಬಳಸಿದರೆ ನೋವು ಕಮ್ಮಿ ಮಾಡಿ. ಆ ಹಳೆಯ ಪರೀಕ್ಷೆಯನ್ನು ಒಇಸಿಡಿ ತನ್ನ ಪಟ್ಟಿಯಿಂದ ತೆಗೆದಿದ್ದು 2002ರಲ್ಲಿ. ನಮ್ಮ ದೇಶದಲ್ಲೂ 2023ರಲ್ಲಿ ಹೊಸ ಔಷಧಿಗಳ ನಿಯಮ ತಿದ್ದಿದರು. ಜೀವಕೋಶಗಳ ಮೇಲೆ, ಕಂಪ್ಯೂಟರ್ ಮಾದರಿಯ ಮೇಲೆ ಮಾಡಿದ ಪರೀಕ್ಷೆಗೂ ಜಾಗ ಸಿಕ್ಕಿತು.

ಒಂದು ಪ್ರಾಣಿ ವಿಷಯ ಹೇಳುತ್ತೇನೆ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ಅದರ ಮೈಯಲ್ಲಿ ಆ ಏರ್ಪಾಡೇ ಇಲ್ಲ. ಮನುಷ್ಯನಿಗೆ ಮೊದಲು ಬರುವ ಸೂಚನೆಯೇ ವಾಕರಿಕೆ. ಕೊರಟಗೆರೆ ಮಗಳೇ, ನಿಮ್ಮಪ್ಪ ಮುದ್ದೆ ಅರ್ಧಕ್ಕೆ ಬಿಟ್ಟು ಎದ್ದಿದ್ದು ಇಲಿ ಕೊಡಲಾರದ ಸುದ್ದಿ.

ದೇವರಾಯನದುರ್ಗ ದಾರಿ

ಇಷ್ಟೆಲ್ಲ ಕೇಳಿದ ಮೇಲೆ ಪ್ರಾಣಿ ಪರೀಕ್ಷೆ ಯಾಕೆ ಬೇಕು ಅಂತಲೇ ಅನ್ನಿಸುತ್ತೆ. ಆರು ಇಲಿ ಬದುಕಿದ್ದು ಏನೂ ಹೇಳುವುದಿಲ್ಲ ಅಂದ ಮೇಲೆ ನಿಲ್ಲಿಸಿಬಿಡಬಹುದಲ್ವಾ?

ಕೋಲಾರದ ಫಾರ್ಮಸಿ ಮೇಷ್ಟ್ರು

ಏನೂ ಹೇಳುವುದಿಲ್ಲ ಅಂತ ಅಲ್ಲ ಸರ್. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತೆ. ಹಸಿರು ಚಹಾದ ಸಾರ ತಗೊಳ್ಳಿ. ಚಹಾ ಕುಡಿದರೆ ಏನೂ ಇಲ್ಲ. ಅದರ ಗಟ್ಟಿ ಸಾರದ ಮಾತ್ರೆ ತಿಂದವರಲ್ಲಿ ಲಿವರ್ ಕೆಟ್ಟಿದ್ದು ಕಂಡುಬಂತು. ನಾಯಿಗಳ ಮೇಲೆ ಪರೀಕ್ಷೆ ಮಾಡಿದಾಗ ಊಟದ ಜೊತೆ ಕೊಟ್ಟಿದ್ದಕ್ಕಿಂತ ಖಾಲಿ ಹೊಟ್ಟೆಗೆ ಕೊಟ್ಟಾಗ ವಿಷ ಜಾಸ್ತಿ ಆಯಿತು. ಪ್ರಾಣಿಗಳು ಸತ್ತು ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ನಮ್ಮಲ್ಲಿ ಎಲ್ಲ ಮದ್ದೂ ಬರೀ ಹೊಟ್ಟೆಗೇ ಅಲ್ವಾ? ಇಂಥ ಮಾಹಿತಿ ಮನುಷ್ಯರ ಮೇಲೆ ನೋಡಿ ಕಲಿಯುವಂಥದ್ದಲ್ಲ.

ಆದರೆ ಪ್ರಾಣಿಯಲ್ಲಿ ಕಾಣದ್ದೂ ಇದೆ. ಅಮೃತಬಳ್ಳಿಯ ವಿಷಯವೇ ನೋಡಿ. 2021ರಲ್ಲಿ ಮುಂಬೈನ ವೈದ್ಯರು ಅದನ್ನು ತಗೊಂಡು ಲಿವರ್ ಕೆಟ್ಟ ಆರು ಜನರ ಬಗ್ಗೆ ಬರೆದರು. ಮರುವರ್ಷ ದೇಶದ ಹಲವು ಆಸ್ಪತ್ರೆಗಳು ಸೇರಿ 43 ಜನರ ವರದಿ ಕೊಟ್ಟವು. ಹಲವರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ತಿರುಗಿ ಲಿವರಿನ ಮೇಲೆ ಬಿದ್ದಂಥ ಲಕ್ಷಣ ಇತ್ತು. ಅಂಥದ್ದು ಎಲ್ಲರಿಗೂ ಆಗುವುದಿಲ್ಲ, ಕೆಲವರ ಮೈಗುಣಕ್ಕೆ ಆಗುತ್ತೆ. ಆರು ಇಲಿ ಇರಲಿ, ಎಂಬತ್ತು ಇಲಿಯಲ್ಲೂ ಅದು ಕಾಣದೆ ಹೋಗಬಹುದು. ಆಯುಷ್ ಸಚಿವಾಲಯ ಈ ವರದಿ ಒಪ್ಪಲಿಲ್ಲ. ಅಮೃತಬಳ್ಳಿ ಅಂತ ಅದೇ ಕುಲದ ಬೇರೆ ಬಳ್ಳಿ, ಟಿನೋಸ್ಪೊರಾ ಕ್ರಿಸ್ಪಾ, ಬಳಸಿರಬಹುದು ಅಂದಿತು. ಯಾರು ಸರಿ ಅನ್ನುವುದಕ್ಕಿಂತ ನನಗೆ ಕಾಡುವುದು ಬೇರೆ. ಎರಡೂ ಕಡೆಯವರ ಮಾತು ಕೊನೆಗೆ ಬಂದು ನಿಲ್ಲುವುದು ‘ಯಾವ ಬಳ್ಳಿ?’ ಅನ್ನುವಲ್ಲೇ.

ಕೊರಟಗೆರೆ ಮಗಳು

ನಾಲ್ಕು ದಿನ ಬರೆಯಲು ಆಗಲಿಲ್ಲ, ಕ್ಷಮಿಸಿ. ಮಾರನೇ ದಿನವೇ ರಕ್ತ ಕೊಟ್ಟೆವು. ಎಸ್‌ಜಿಪಿಟಿ 118 ಬಂದಿದೆ, ಇರಬೇಕಾದ್ದಕ್ಕಿಂತ ಜಾಸ್ತಿ. ಕಾಮಾಲೆ ತೋರಿಸುವ ಬಿಲಿರುಬಿನ್ ಸರಿ ಇದೆ. ಸಕ್ಕರೆ ಖಾಲಿ ಹೊಟ್ಟೆಯಲ್ಲಿ 72. ಡಾಕ್ಟರ್ ಕ್ಯಾಪ್ಸೂಲ್, ಕಷಾಯ ಎರಡನ್ನೂ ನಿಲ್ಲಿಸಿದರು. ಹೆಪಟೈಟಿಸ್ ಪರೀಕ್ಷೆಯನ್ನೂ ಮಾಡಿಸಿದರು, ಅದರಲ್ಲಿ ಏನೂ ಇಲ್ಲ. ಕ್ಯಾಪ್ಸೂಲಿನಿಂದಲೇ ಆಯಿತು ಅಂತ ಈಗಲೇ ಹೇಳಲಾಗದು, ನಿಲ್ಲಿಸಿದ ಮೇಲೆ ಇಳಿಯುತ್ತಾ ನೋಡೋಣ ಅಂದರು.

ಡಬ್ಬಿಯ ನಂಬರಿಗೆ ಕರೆ ಮಾಡಿದೆ. ಮೇಷ್ಟ್ರು ಹೇಳಿದ ಮೂರೂ ಪ್ರಶ್ನೆ ಕೇಳಿದೆ. “ನೈಸರ್ಗಿಕ ಮೇಡಂ, ಸೈಡ್ ಎಫೆಕ್ಟ್ ಇಲ್ಲ” ಅಂದರು. ಯಾವ ದ್ರಾವಕ ಅಂದೆ. ಮೇಲಿನವರನ್ನು ಕೇಳಿ ಹೇಳುತ್ತೇವೆ ಅಂದವರು ಮತ್ತೆ ಮಾಡಲಿಲ್ಲ. ಆಮೇಲೆ ಡಬ್ಬಿಯನ್ನು ಕಿಟಕಿ ಹತ್ತಿರ ಹಿಡಿದು ಪೂರ್ತಿ ಓದಿದೆ. ಆಯುಷ್ ಲೈಸೆನ್ಸ್ ಇಲ್ಲ, ಆಹಾರ ಪದಾರ್ಥಕ್ಕೆ ಕೊಡುವ ಎಫ್‌ಎಸ್‌ಎಸ್‌ಎಐ ನಂಬರ್ ಇದೆ. ಕೆಳಗೆ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ‘ಔಷಧೀಯ ಬಳಕೆಗಲ್ಲ’ ಅಂತ ಇಂಗ್ಲಿಷಿನಲ್ಲಿದೆ. ಇಷ್ಟು ದಿನ ಮದ್ದು ಅಂತಲೇ ಕೊಟ್ಟಿದ್ದೆವು.

ತಾಲ್ಲೂಕು ಡಾಕ್ಟರ್

ಸರಿಯಾದ ಸಮಯಕ್ಕೆ ನಿಲ್ಲಿಸಿದ್ದೀರಿ. 72 ಕೂಡ ಅವರ ಮಾತ್ರೆಗೆ ಸ್ವಲ್ಪ ಕೆಳಗೇ. ಗ್ಲಿಮೆಪಿರೈಡ್ ಪ್ರಮಾಣ ನೋಡಲು ಹೇಳಿ. ಈ ‘ಔಷಧೀಯ ಬಳಕೆಗಲ್ಲ’ ಅನ್ನುವ ಸಾಲು ಪೂರಕ ಆಹಾರದ ಡಬ್ಬಿಗಳಲ್ಲಿ ಇರಲೇಬೇಕಾದ್ದು, ಎಲ್ಲರೂ ಓದಿ.

ಔಷಧಿಯಿಂದ ತೊಂದರೆ ಆದರೆ ತಿಳಿಸುವ ರಾಷ್ಟ್ರೀಯ ಉಚಿತ ನಂಬರ್ 1800-180-3024. ಖಾತ್ರಿ ಇಲ್ಲದಿದ್ದರೂ ಅನುಮಾನ ಇದ್ದರೆ ಸಾಕು, ತಿಳಿಸಬಹುದು. ಇಲಿಯಲ್ಲಿ ಕಾಣದ್ದು ಗೊತ್ತಾಗುವುದು ಇಂಥ ವರದಿಗಳಿಂದಲೇ.

ಕೊರಟಗೆರೆ ಮಗಳು

ತಿಳಿಸುತ್ತೇನೆ ಸರ್. ನಮ್ಮ ಹಿತ್ತಲಿನ ಬಳ್ಳಿ ಸರಿಯಾದದ್ದೇನಾ ಅಂತ ಹೇಗೆ ನೋಡುವುದು? ಕಾಂಡದ ಮೇಲೆ ಬಿಳಿ ಚುಕ್ಕಿ ತುಂಬ ಇದೆ. ಅಪ್ಪ ಬೇಜಾರು ಮಾಡಿಕೊಂಡು ಬುಡಕ್ಕೇ ಕತ್ತರಿಸಿಬಿಡುತ್ತೇನೆ ಅಂತಿದ್ದಾರೆ.

ಮಧುಗಿರಿ ಎಂ.ಫಾರ್ಮ್

ಕತ್ತರಿಸಬೇಡಿ ಅಕ್ಕ. ಬಿಳಿ ಚುಕ್ಕಿ ಸರಿಯಾದ ಅಮೃತಬಳ್ಳಿಯಲ್ಲೂ ಇರುತ್ತೆ, ಅದು ಕಾಂಡ ಉಸಿರಾಡುವ ರಂಧ್ರ. ಕ್ರಿಸ್ಪಾದ ಕಾಂಡದ ಮೇಲೆ ಹಾಗಲಕಾಯಿಯ ಹಾಗೆ ಮೊಂಡು ಗುಳ್ಳೆಗಳು ಎದ್ದಿರುತ್ತವೆ, ಬಣ್ಣ ಬೂದಿ. ಕತ್ತರಿಸಿದರೆ ಹಾಲಿನಂಥ ರಸ ಬರುತ್ತೆ. ಸರಿಯಾದ ಅಮೃತಬಳ್ಳಿಯದು ಹಸಿರು ಛಾಯೆ, ಹಾಲು ಬರುವುದಿಲ್ಲ. ಎಲೆಯ ಹಿಂಬದಿ ಮುಟ್ಟಿ ನೋಡಿ. ಮೆತ್ತಗೆ ರೋಮ ಇದ್ದರೆ ಅದು ಮೂರನೇ ಜಾತಿ. ಹಣ್ಣು ಬಿಟ್ಟಾಗ ಇನ್ನೂ ಸುಲಭ. ಅಮೃತಬಳ್ಳಿಯದು ಗುಂಡಗೆ, ಕೆಂಪು. ಕ್ರಿಸ್ಪಾದ್ದು ಉದ್ದುದ್ದ, ಕಿತ್ತಳೆ ಬಣ್ಣ.

ಪೂರ್ತಿ ಖಾತ್ರಿ ಬೇಕಾದರೆ ಹೂವೋ ಹಣ್ಣೋ ಇರುವ ರೆಂಬೆಯನ್ನು ಹಳೆ ಪೇಪರ್ ಮಧ್ಯೆ ಒತ್ತಿ, ದಿನಾ ಪೇಪರ್ ಬದಲಿಸಿ ಒಣಗಿಸಿ. ತುಮಕೂರು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ಕೇಳಬಹುದು. ಯಲಹಂಕದ ಎಫ್‌ಆರ್‌ಎಲ್‌ಎಚ್‌ಟಿ ಅನ್ನುವ ಸಂಸ್ಥೆಯಲ್ಲಿ ಔಷಧಿ ಗಿಡಗಳ ದೊಡ್ಡ ಹರ್ಬೇರಿಯಂ, ಅಂದರೆ ಒಣಗಿಸಿ ಹಾಳೆಗೆ ಹಚ್ಚಿಟ್ಟ ಗಿಡಗಳ ಸಂಗ್ರಹ, ಇದೆ. ನಿಮಗೆ ಸಿದ್ಧರಬೆಟ್ಟ ಹತ್ತಿರವೇ. ಅಲ್ಲಿ ಗಿಡ ಬಲ್ಲ ಹಿರಿಯರು ಸಿಗುತ್ತಾರೆ, ಅವರಿಗೂ ತೋರಿಸಿ. ಅವರ ಕಣ್ಣು ನಮ್ಮ ಪುಸ್ತಕಕ್ಕಿಂತ ಬೇಗ ಗುರುತಿಸುತ್ತೆ.

ಶ್ರೀನಿವಾಸಪುರ ಮಾವು

ನಮ್ಮಜ್ಜಿ ಯಾಕೆ ಬೇರೆಯವರಿಗೆ ಕೀಳಲು ಬಿಡುತ್ತಿರಲಿಲ್ಲ ಅಂತ ಈಗ ಗೊತ್ತಾಯಿತು. ಮಡಿ ಅಂದುಕೊಂಡಿದ್ದೆ.

ಕೊರಟಗೆರೆ ಮಗಳು

ಈಗಷ್ಟೇ ಹಿತ್ತಲಿಗೆ ಹೋಗಿ ಬಂದೆ. ಉಗುರಿನಲ್ಲಿ ಕಾಂಡ ಗೀರಿದೆ, ಒಳಗೆ ಹಸಿರು. ತುದಿ ಮುರಿದರೆ ಹಾಲು ಬರಲಿಲ್ಲ, ಅಂಟು ನೀರು ಅಷ್ಟೇ. ಎಲೆಯ ಹಿಂದೆ ನುಣುಪಾಗಿದೆ. ಹೂವು ಇನ್ನೂ ಇಲ್ಲ. ಅಪ್ಪನೂ ಹಿಂದೆಯೇ ಬಂದು ನಿಂತರು, ಕತ್ತಿ ಕೈಯಲ್ಲಿರಲಿಲ್ಲ. ಇವತ್ತು ಒಂದು ಮುದ್ದೆ ಪೂರ್ತಿ ತಿಂದರು. ಮುಂದಿನ ತಿಂಗಳು 10ಕ್ಕೆ ಮತ್ತೆ ರಕ್ತ ಕೊಡಬೇಕು. ರಿಪೋರ್ಟ್ ಬಂದ ದಿನ ಇಲ್ಲೇ ಹಾಕುತ್ತೇನೆ.